ಬೋರಿನಲ್ಲಿ ಎತ್ತಿದ ನೀರು ನದಿಯ ಲೆಕ್ಕದಲ್ಲಿ ಎಲ್ಲಿ ಕಳೆಯುತ್ತದೆ?

ಪ್ರಶ್ನೆ: ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕು, ಅರ್ಕಾವತಿಗೆ ಸೇರುವ ಹಳ್ಳದ ದಂಡೆಯ ಊರು. ನಮ್ಮ ತಂದೆ ಬೇಸಿಗೆಯಲ್ಲೂ ಮರಳಿನಲ್ಲಿ ಒರತೆ ತೋಡಿ ನೀರು ಕುಡಿದವರು. ಈಗ ಮಳೆಗಾಲದಲ್ಲೂ ಹಳ್ಳ ಹರಿಯುವುದು ಅಪರೂಪ. ಮಳೆಯೇನೂ ಕಡಿಮೆಯಾಗಿಲ್ಲ ಎನ್ನುತ್ತಾರೆ. ಮೊನ್ನೆ ಕೆಲವು ಎಂಜಿನಿಯರುಗಳು ಬಂದು, "ನದಿ ಮತ್ತು ಅಂತರ್ಜಲ ಎರಡನ್ನೂ ಸೇರಿಸಿ ಕಂಪ್ಯೂಟರ್ ಮಾದರಿ ಮಾಡುತ್ತಿದ್ದೇವೆ, ನಿಮ್ಮ ಬಾವಿ, ಬೋರುಗಳ ವಿವರ ಕೊಡಿ" ಎಂದರು. ನೆಲದೊಳಗೆ ಏನಿದೆ ಎಂಬುದು ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ? ಅದು ಹೇಳಿದ್ದನ್ನು ನಂಬಬಹುದೇ? 2022ರಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆ ತುಂಬಿತಲ್ಲ, ಹಾಗಾದರೆ ನದಿ ಮರಳಿ ಬಂತು ಎಂದು ತಿಳಿಯಬಹುದೇ?

ಉತ್ತರ: ನಿಮ್ಮ ತಂದೆಯವರು ತೋಡಿದ ಒರತೆಯಿಂದಲೇ ಶುರು ಮಾಡುತ್ತೇನೆ. ಮರಳನ್ನು ಮೊಳದಷ್ಟು ಬಗೆದರೆ ನೀರು ಜಿನುಗಿ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು. ಆ ಮಟ್ಟವೇ ಅಂದಿನ ಅಂತರ್ಜಲದ ಮಟ್ಟ. ಎರಡೂ ದಂಡೆಯ ಹೊಲಗಳ ಅಡಿಯಲ್ಲಿ ನೀರು ಅದಕ್ಕಿಂತ ಸ್ವಲ್ಪ ಎತ್ತರದಲ್ಲಿತ್ತು. ತಗ್ಗು ಇರುವ ಕಡೆಗೆ, ಅಂದರೆ ಹಳ್ಳದ ಕಡೆಗೆ, ಮಣ್ಣಿನೊಳಗೆ ಮೆಲ್ಲಗೆ ಇಳಿದು ಬರುತ್ತಿತ್ತು. ಮಳೆ ನಿಂತು ನಾಲ್ಕು ತಿಂಗಳಾದ ಮೇಲೂ ಹಳ್ಳದಲ್ಲಿ ಹರಿಯುತ್ತಿದ್ದ ಸಣ್ಣ ಎಳೆ ನೀರು ಹೀಗೆ ನೆಲದಿಂದ ಹೊರಬಂದದ್ದು. ಪಾವಗಡ, ಮಧುಗಿರಿ ಕಡೆಯವರು ಹಳ್ಳದ ಪಾತ್ರದಲ್ಲಿ ತಲಪರಿಗೆ, ಅಂದರೆ ಒರತೆಯ ಗುಂಡಿ, ತೋಡಿ, ಕಾಲುವೆ ಮಾಡಿ ಗದ್ದೆಗೆ ನೀರು ಹರಿಸುತ್ತಿದ್ದುದೂ ಇದೇ ನೀರನ್ನು. ನದಿ ಬೇರೆ, ಬಾವಿ ಬೇರೆ ಎಂದು ಅವರು ಭಾವಿಸಿರಲಿಲ್ಲ. ಇಲಾಖೆಗಳು ಎರಡಾದ ಮೇಲೆ ನಾವು ಹಾಗೆ ಭಾವಿಸತೊಡಗಿದೆವು.

ಈಗ ಕಂಪ್ಯೂಟರಿನ ಮಾತು. ಅದು ನೆಲದೊಳಗೆ ಏನನ್ನೂ ನೋಡುವುದಿಲ್ಲ, ಲೆಕ್ಕ ಬರೆಯುತ್ತದೆ. ಇಡೀ ಜಲಾನಯನವನ್ನು ನಕ್ಷೆಯ ಮೇಲೆ ಚೌಕಗಳಾಗಿ ಕತ್ತರಿಸುತ್ತಾರೆ, ಕೆಳಗೆ ಎರಡು ಮೂರು ಪದರಗಳಾಗಿಯೂ ಕತ್ತರಿಸುತ್ತಾರೆ. ಪ್ರತಿ ಚೌಕಕ್ಕೂ ಒಂದು ಜಮಾಖರ್ಚಿನ ಪುಸ್ತಕ: ಮಳೆಯಿಂದ ಇಂಗಿದ್ದು ಎಷ್ಟು, ಪಕ್ಕದ ಚೌಕಗಳಿಂದ ಬಂದದ್ದು ಎಷ್ಟು, ಬೋರು ಎಳೆದದ್ದು ಎಷ್ಟು, ಹೊಳೆಗೆ ಹೋದದ್ದು ಎಷ್ಟು, ಉಳಿದದ್ದು ಎಷ್ಟು. ಒಂದು ಚೌಕದಿಂದ ಇನ್ನೊಂದಕ್ಕೆ ನೀರು ಎಷ್ಟು ವೇಗವಾಗಿ ಹೋಗುತ್ತದೆ ಎಂಬುದಕ್ಕೆ 1856ರಲ್ಲಿ ಫ್ರಾನ್ಸಿನ ಹೆನ್ರಿ ಡಾರ್ಸಿ, ದಿಜೋನ್ ಊರಿನ ನೀರು ಸರಬರಾಜಿನ ಕೆಲಸದಲ್ಲಿದ್ದಾಗ, ಮರಳು ತುಂಬಿದ ಕೊಳವೆಯಲ್ಲಿ ನೀರು ಹಾಯಿಸಿ ಕಂಡುಕೊಂಡ ನಿಯಮ ಸಾಕು. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸ ಹೆಚ್ಚಿದಷ್ಟೂ ಹರಿವು ಹೆಚ್ಚು. ನಡುವೆ ಇರುವುದು ಮರಳೋ ಜೇಡಿಯೋ ಬಿರುಕು ಬಿಟ್ಟ ಕಲ್ಲೋ ಎಂಬುದರ ಮೇಲೆ ಎಷ್ಟು ಹೆಚ್ಚು ಎಂಬುದು ನಿರ್ಧಾರವಾಗುತ್ತದೆ. ಅಮೆರಿಕದ ಭೂಸರ್ವೇಕ್ಷಣ ಇಲಾಖೆ 1984ರಲ್ಲಿ ಹೊರತಂದ ಮಾಡ್‌ಫ್ಲೋ ಎಂಬ ತಂತ್ರಾಂಶ ಈ ಲೆಕ್ಕವನ್ನು ಮಾಡುತ್ತದೆ. ಅದು ಉಚಿತ. ಹಲವು ಸಲ ತಿದ್ದುಪಡಿಯಾಗಿ ಇವತ್ತಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಹೊಳೆ ಇರುವ ಒಂದು ಚೌಕವನ್ನು ಬಿಡಿಸಿ ತೋರಿಸುತ್ತೇನೆ, ಏಕೆಂದರೆ ನಿಮ್ಮ ಹಳ್ಳಕ್ಕೆ ಏನಾಯಿತು ಎಂಬುದು ಇಲ್ಲಿ ಕಾಣುತ್ತದೆ. ಅಂಕಿಗಳು ಉದಾಹರಣೆಗೆ ಹಾಕಿಕೊಂಡವು. ಹೊಳೆಯ ತುಂಡು 250 ಮೀಟರ್ ಉದ್ದ, 10 ಮೀಟರ್ ಅಗಲ. ತಳದಲ್ಲಿ ಅರ್ಧ ಮೀಟರ್ ದಪ್ಪ ಗೋಡು ಕೂತಿದೆ, ಅದರ ಮೂಲಕ ನೀರು ಇಳಿಯುವ ಗುಣ ದಿನಕ್ಕೆ 5 ಸೆಂಟಿಮೀಟರ್. ಉದ್ದ, ಅಗಲ, ಗುಣ ಮೂರನ್ನೂ ಗುಣಿಸಿ ಗೋಡಿನ ದಪ್ಪದಿಂದ ಭಾಗಿಸಿದರೆ 250 ಬರುತ್ತದೆ. ಹೊಳೆಯ ನೀರಿಗೂ ಅಂತರ್ಜಲಕ್ಕೂ ಒಂದು ಮೀಟರ್ ಎತ್ತರದ ವ್ಯತ್ಯಾಸವಿದ್ದರೆ ದಿನಕ್ಕೆ 250 ಘನ ಮೀಟರ್ ನೀರು ಗೋಡನ್ನು ದಾಟುತ್ತದೆ ಎಂದು ಇದರ ಅರ್ಥ. ಈಗ ಹೊಳೆಯಲ್ಲಿ 30 ಸೆಂಟಿಮೀಟರ್ ನೀರಿದೆ ಎನ್ನಿ. ದಂಡೆಯ ಅಡಿಯ ನೀರು ಅದಕ್ಕಿಂತ 40 ಸೆಂಟಿಮೀಟರ್ ಮೇಲಿದ್ದರೆ ದಿನಕ್ಕೆ ಒಂದು ಲಕ್ಷ ಲೀಟರ್ ನೆಲದಿಂದ ಹೊಳೆಗೆ ಬರುತ್ತದೆ. 40 ಸೆಂಟಿಮೀಟರ್ ಕೆಳಗಿದ್ದರೆ ಅಷ್ಟೇ ನೀರು ಹೊಳೆಯಿಂದ ನೆಲಕ್ಕೆ ಹೋಗುತ್ತದೆ. ಮೊಣಕಾಲುದ್ದದ ಏರಿಳಿತ ಸಾಕು, ಹೊಳೆ ಪಡೆಯುವುದು ನಿಂತು ಕಳೆದುಕೊಳ್ಳುವುದು ಶುರುವಾಗುತ್ತದೆ.

ಇನ್ನೂ ಕೆಳಗಿಳಿಯೋಣ. ಅಂತರ್ಜಲ ಗೋಡಿನ ತಳಕ್ಕೆ ಇಳಿದಾಗ ವ್ಯತ್ಯಾಸ 80 ಸೆಂಟಿಮೀಟರ್, ಸೋರಿಕೆ ದಿನಕ್ಕೆ ಎರಡು ಲಕ್ಷ ಲೀಟರ್. ಅಲ್ಲಿಂದ ಮುಂದೆ ಲೆಕ್ಕ ಬದಲಾಗುತ್ತದೆ. ಮಟ್ಟ 10 ಮೀಟರ್ ಆಳಕ್ಕೆ ಹೋಗಲಿ, 200 ಮೀಟರ್ ಆಳಕ್ಕೆ ಹೋಗಲಿ, ಸೋರಿಕೆ ಅದೇ ಎರಡು ಲಕ್ಷ. ಗೋಡಿನ ಕೆಳಗೆ ನೀರು ತುಂಬಿದ ನೆಲವೇ ಇಲ್ಲ, ಮೇಲಿನಿಂದ ಹನಿಯುವುದಷ್ಟೇ ಉಳಿದಿದೆ. ಹೊಳೆ ಮತ್ತು ಅಂತರ್ಜಲದ ಕೊಂಡಿ ಕಳಚಿದೆ ಎನ್ನುವುದು ಇದಕ್ಕೇ. ಕೊಂಡಿ ಕಳಚಿದ ಮೇಲೆ ನಡೆಯುವುದನ್ನು ಜನ ಗಮನಿಸುವುದು ಕಡಿಮೆ: ಬೋರಿನ ಮಟ್ಟ 600 ಅಡಿಯಿಂದ 500 ಅಡಿಗೆ ಏರಿದರೂ ಹೊಳೆಗೆ ಒಂದು ಲೋಟ ನೀರೂ ಹೆಚ್ಚಾಗುವುದಿಲ್ಲ. ನೀರು ಹೊಳೆಯ ತಳದವರೆಗೆ ಏರಿ ಬರಬೇಕು, ಆಮೇಲೆ ಒಂದೊಂದು ಗೇಣಿಗೂ ಬೆಲೆ.

2022ರ ಪ್ರಶ್ನೆಗೆ ಉತ್ತರ ಇಲ್ಲಿಯೇ ಸಿಗುತ್ತದೆ. ಆ ವರ್ಷ ಬಿದ್ದದ್ದು ಅಸಾಧಾರಣ ಮಳೆ. ಹೆಸರಘಟ್ಟ ತುಂಬಿದ್ದು, ಕೆಳಗೆ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ನೀರು ಬಂದದ್ದು ಮುಖ್ಯವಾಗಿ ನೆಲದ ಮೇಲೆ ಹರಿದ ನೀರಿನಿಂದ. ನನಗೂ ಆ ಚಿತ್ರಗಳನ್ನು ನೋಡಿ ಕಣ್ಣು ತುಂಬಿತ್ತು. ಆದರೆ ಪ್ರವಾಹ ಬಂದುಹೋಗುವುದನ್ನು ನದಿ ಮರಳಿತು ಎನ್ನಲು ಮನಸ್ಸು ಒಪ್ಪುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ, ಒಂದು ತಿಂಗಳಿಂದ ಮಳೆ ಇಲ್ಲದಿದ್ದಾಗ, ಊರಿನ ಕೊಳಚೆ ಸೇರದ ಜಾಗದಲ್ಲಿ ಹಳ್ಳಕ್ಕೆ ಇಳಿದು ನೋಡಿ. ಬೆರಳಗಲದ ಹರಿವಿದ್ದರೂ ಸರಿ, ಅಥವಾ ಮರಳನ್ನು ಮೊಳ ಬಗೆದಾಗ ನೀರು ನಿಂತರೂ ಸರಿ, ಅಲ್ಲಿ ಕೊಂಡಿ ಇನ್ನೂ ಇದೆ.

ಕೊಂಡಿ ಕಳಚಿದ್ದು ಹೇಗೆ? 1940ರಲ್ಲಿ ಅಮೆರಿಕದ ಚಾರ್ಲ್ಸ್ ಥೈಸ್ ಎಂಬ ಜಲವಿಜ್ಞಾನಿ ಒಂದು ಸರಳ ಪ್ರಶ್ನೆ ಕೇಳಿದ: ಬಾವಿಯಿಂದ ಎತ್ತುವ ನೀರು ಬರುವುದೆಲ್ಲಿಂದ? ಮನುಷ್ಯ ಕೈಹಾಕುವ ಮುಂಚೆ ನೆಲಕ್ಕೆ ಇಂಗಿದಷ್ಟೂ ಒಂದಲ್ಲ ಒಂದು ಕಡೆ, ಒರತೆಯಾಗಿಯೋ ಹೊಳೆಯಾಗಿಯೋ ಮರದ ಬೇರಿನಿಂದಲೋ, ಹೊರಗೆ ಹೋಗುತ್ತಿತ್ತು. ಹಾಗಾಗಿ ನಾವು ಹೊಸದಾಗಿ ಎತ್ತಿದ್ದು ಮೊದಮೊದಲು ನೆಲದ ಸಂಗ್ರಹದಿಂದ ಬರುತ್ತದೆ, ಕಾಲ ಕಳೆದಂತೆ ಹೊಳೆಯ ಪಾಲಿನಿಂದ ಬರುತ್ತದೆ. ಬಿಟ್ಟಿ ನೀರು ಎಂಬುದೇ ಇಲ್ಲ. ಎಷ್ಟು ಕಾಲ ಕಳೆಯಬೇಕು ಎಂಬುದು ದೂರದ ಮೇಲೆ ನಿಂತಿದೆ. ಎಲ್ಲೆಡೆ ಒಂದೇ ಗುಣದ ನೆಲವಾದರೆ, ದೂರ ಹತ್ತು ಪಟ್ಟಾದಾಗ ಪರಿಣಾಮ ಹೊಳೆಗೆ ತಲುಪಲು ನೂರು ಪಟ್ಟು ಸಮಯ ಬೇಕು. ದಂಡೆಯಲ್ಲಿ ಕೊರೆದ ಬೋರು ಈ ಬೇಸಿಗೆಯಲ್ಲೇ ಹೊಳೆಯನ್ನು ತಟ್ಟಿದರೆ ಮೈಲಿಯಾಚೆಯದು ಮಕ್ಕಳ ಕಾಲಕ್ಕೆ ತಟ್ಟೀತು. ಮೋಟರ್ ನಿಲ್ಲಿಸಿದ ಮೇಲೂ ಹಳೆಯ ಎಳೆತದ ಸಾಲ ತೀರುವವರೆಗೆ ಹೊಳೆ ಕಳೆದುಕೊಳ್ಳುತ್ತಲೇ ಇರುತ್ತದೆ. ಸಾವಿರಾರು ಬೋರುಗಳು ಬೇರೆ ಬೇರೆ ವರ್ಷಗಳಲ್ಲಿ ಶುರುವಾಗಿ ಬೇರೆ ಬೇರೆ ದೂರದಿಂದ ಎಳೆಯುವಾಗ ಇದನ್ನು ಬೆರಳೆಣಿಕೆಯಲ್ಲಿ ಹೇಳಲಾಗದು. ಮಾದರಿ ಬೇಕಾಗುವುದು ಇಂಥಲ್ಲಿ.

ಇದು ಬರೀ ಪಾಠದ ಮಾತೇ ಎಂದು ನೀವು ಕೇಳಬಹುದು. ಅಮೆರಿಕದಲ್ಲಿ ರಿಪಬ್ಲಿಕನ್ ಎಂಬ ನದಿಯಿದೆ. ಕೊಲೊರಾಡೊ, ನೆಬ್ರಾಸ್ಕ, ಕ್ಯಾನ್ಸಸ್ ರಾಜ್ಯಗಳು 1943ರಲ್ಲಿ ಅದರ ನೀರನ್ನು ಒಪ್ಪಂದ ಮಾಡಿಕೊಂಡು ಹಂಚಿಕೊಂಡವು. ನೆಬ್ರಾಸ್ಕದ ರೈತರ ಬೋರುಗಳು ನದಿಯನ್ನು ಬತ್ತಿಸುತ್ತಿವೆ ಎಂದು ಕ್ಯಾನ್ಸಸ್ 1998ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಬೋರಿನ ನೀರೂ ನದಿಯ ಲೆಕ್ಕಕ್ಕೆ ಸೇರುತ್ತದೆಯೇ ಎಂಬುದೇ ಜಗಳ. ಹೊಳೆಯ ಹರಿವನ್ನು ಎಷ್ಟು ಕಡಿಮೆ ಮಾಡುತ್ತದೋ ಅಷ್ಟರ ಮಟ್ಟಿಗೆ ಸೇರುತ್ತದೆ ಎಂದಾಯಿತು. ಆ "ಎಷ್ಟು" ಎಂಬುದನ್ನು ಕಂಡುಹಿಡಿಯಲು ಮೂರು ರಾಜ್ಯಗಳೂ ಕೂತು ಒಂದು ಚದರ ಮೈಲಿಯ ಚೌಕಗಳ ಮಾದರಿಯನ್ನು ಜೊತೆಯಾಗಿ ಕಟ್ಟಿದವು. ಮಾದರಿಯನ್ನು ಎರಡು ಸಲ ಓಡಿಸುತ್ತಾರೆ: ಒಮ್ಮೆ ಬೋರುಗಳೆಲ್ಲ ನಡೆಯುತ್ತಿರುವಂತೆ, ಇನ್ನೊಮ್ಮೆ ಒಂದು ರಾಜ್ಯದ ಬೋರುಗಳನ್ನು ನಿಲ್ಲಿಸಿದಂತೆ. ಎರಡರ ನಡುವೆ ಹೊಳೆಯ ಹರಿವಿನಲ್ಲಿ ಬರುವ ವ್ಯತ್ಯಾಸವೇ ಆ ರಾಜ್ಯದ ಖಾತೆಗೆ. 2015ರಲ್ಲಿ ಕೋರ್ಟು ನೆಬ್ರಾಸ್ಕ 37 ಲಕ್ಷ ಡಾಲರ್ ನಷ್ಟ ಪರಿಹಾರವನ್ನೂ, ಮೇಲೆ 18 ಲಕ್ಷ ಡಾಲರನ್ನೂ ಕ್ಯಾನ್ಸಸ್‌ಗೆ ಕೊಡಬೇಕೆಂದಿತು. ಅದೇ ತೀರ್ಪಿನಲ್ಲಿ ಲೆಕ್ಕದ ವಿಧಾನವನ್ನೂ ತಿದ್ದಿತು. ಪಕ್ಕದ ಪ್ಲಾಟ್ ನದಿಯಿಂದ ಕಾಲುವೆಯಲ್ಲಿ ಬಂದು ಇಂಗಿದ ನೀರನ್ನೂ ರಿಪಬ್ಲಿಕನ್ ನದಿಯದೇ ಎಂದು ನೆಬ್ರಾಸ್ಕದ ತಲೆಗೆ ಕಟ್ಟಲಾಗುತ್ತಿತ್ತು. ಮಾದರಿ ತಪ್ಪಬಹುದು, ಎಲ್ಲರೂ ಕೂಡಿ ಕಟ್ಟಿದ ಮಾದರಿಯ ತಪ್ಪನ್ನು ಕಂಡುಹಿಡಿದು ತಿದ್ದಲೂಬಹುದು.

ನಮ್ಮ ಕಾವೇರಿಯಲ್ಲೂ ಅಂತರ್ಜಲದ ಮಾತು ಬಂದಿದೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಕೊಟ್ಟಾಗ ಅದರಲ್ಲಿ 10 ಟಿಎಂಸಿ ತಮಿಳುನಾಡಿನ ಮುಖಜ ಭೂಮಿಯ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದದ್ದರಿಂದ ಬಂದದ್ದು. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುವ ನದಿ. ಅದರ ಜಲಾನಯನದ ಬೋರುಗಳು ಕಾವೇರಿಗೆ ಎಷ್ಟು ಕಡಿಮೆ ಮಾಡಿವೆ ಎಂಬ ಲೆಕ್ಕವನ್ನು ಬೇರೆಯವರು ಕೇಳುವ ಮೊದಲು ನಾವೇ ಬರೆದಿಟ್ಟುಕೊಂಡರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಅರ್ಕಾವತಿ ಏಕೆ ಬತ್ತಿತು ಎಂಬುದನ್ನು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ಹುಡುಕಿ 2015ರಲ್ಲಿ ಪ್ರಕಟಿಸಿದರು. ಮಳೆ ಕಡಿಮೆಯಾಯಿತೇ, ಬಿಸಿಲು ಹೆಚ್ಚಿತೇ, ನೀಲಗಿರಿ ತೋಪುಗಳೇ, ಹಳ್ಳಕ್ಕೆ ಅಡ್ಡ ಕಟ್ಟಿದ ಚೆಕ್ ಡ್ಯಾಂಗಳೇ, ಬೋರುಗಳೇ ಎಂದು ಒಂದೊಂದನ್ನೂ ಪರೀಕ್ಷೆಗೆ ಒಡ್ಡಿದರು. ಮಳೆ, ಬಿಸಿಲು ಮುಖ್ಯ ಕಾರಣವಲ್ಲ ಎಂದು ಕಂಡಿತು. ಉಳಿದ ಮೂರೂ, ಅಂದರೆ ನೆಲದ ಮೇಲೆ ನಾವೇ ಮಾಡಿದ್ದು, ಕಾರಣದ ಸಾಲಿನಲ್ಲಿ ನಿಂತವು. ನಿಮ್ಮೂರಿನ ಹಿರಿಯರು ಹೇಳುವುದು ಸರಿಯಾಗಿಯೇ ಇದೆ.

ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಕಡೆ ವರ್ಷಕ್ಕೆ 800 ಮಿಲಿಮೀಟರ್ ಮಳೆ, ಅದರಲ್ಲಿ ಹತ್ತನೇ ಒಂದು ಪಾಲು ಇಂಗುತ್ತದೆ ಎನ್ನಿ. ಗಟ್ಟಿ ಶಿಲೆಯ ಸೀಮೆಗೆ ಅಂತರ್ಜಲ ಅಂದಾಜಿನವರು ಹಾಕುವುದೂ ಹೆಚ್ಚುಕಡಿಮೆ ಇಷ್ಟೇ. ಅಂದರೆ 80 ಮಿಲಿಮೀಟರ್. ವರ್ಷವಿಡೀ ಹಿಪ್ಪುನೇರಳೆಗೋ ತರಕಾರಿಗೋ ಬೋರಿನಿಂದ 800 ಮಿಲಿಮೀಟರ್ ಹಾಯಿಸಿದರೆ ಎಕರೆಗೆ 32 ಲಕ್ಷ ಲೀಟರ್. ಅಂಥ ಒಂದು ಎಕರೆ, ಹತ್ತು ಎಕರೆಯಲ್ಲಿ ಇಂಗಿದ್ದನ್ನು ಉಂಡು ಮುಗಿಸುತ್ತದೆ. ಡ್ರಿಪ್ ಹಾಕಿದರೆ ಕಡಿಮೆಯಾದೀತು, ಆದರೆ ಉಳಿದ ನೀರಿನಲ್ಲಿ ಇನ್ನರ್ಧ ಎಕರೆ ಏರಿಸಿಕೊಂಡರೆ ಲೆಕ್ಕ ಅಲ್ಲಿಗೇ ಬರುತ್ತದೆ. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಎಕರೆಗೆ ಹೀಗೆ ನೀರು ಹಾಯುತ್ತಿದ್ದರೆ ಹಳ್ಳಕ್ಕೆ ಉಳಿಯುವುದೇನು?

ಆದರೆ ಇದೇ ಲೆಕ್ಕದಲ್ಲಿ ಧೈರ್ಯ ಕೊಡುವ ಮಾತೂ ಒಂದಿದೆ. ನಮ್ಮ ಗ್ನೈಸ್ ಎಂಬ ಗಟ್ಟಿ ಕಲ್ಲಿನ ಮೇಲಿನ ಶಿಥಿಲ ಪದರ, ಅಂದರೆ ಕಾಲಕ್ರಮದಲ್ಲಿ ಪುಡಿಯಾದ ಕಲ್ಲಿನ ಪದರ, ತನ್ನ ಗಾತ್ರದ ನೂರಕ್ಕೆ ಒಂದೂವರೆಯಿಂದ ಮೂರರಷ್ಟು ಮಾತ್ರ ನೀರನ್ನು ಬಿಟ್ಟುಕೊಡುತ್ತದೆ. ಒಂದೂವರೆ ಎಂದೇ ಹಿಡಿದರೆ, ಒಂದು ವರ್ಷ ಯಾರೂ ಹನಿ ನೀರೂ ಎತ್ತದಿದ್ದರೆ, ಆ 80 ಮಿಲಿಮೀಟರ್ ಅಷ್ಟೇ ನೀರಿನ ಮಟ್ಟವನ್ನು 5 ಮೀಟರಿಗೂ ಹೆಚ್ಚು, ಹದಿನೇಳು ಅಡಿಯಷ್ಟು ಏರಿಸುತ್ತದೆ. ಬೇಗ ಬರಿದಾಗುವ ಪಾತ್ರೆ ಬೇಗ ತುಂಬುತ್ತದೆ. ಗಂಗಾ ಬಯಲಿನ ಮೆಕ್ಕಲು ಮಣ್ಣಿನಲ್ಲಿ ಇಷ್ಟು ಬೇಗ ಏರುವುದಿಲ್ಲ. ಆದ್ದರಿಂದ ಸಾವಿರ ಅಡಿಯ ಬಿರುಕುಗಳ ಯೋಚನೆ ಬಿಟ್ಟು, ಬೋರಿನ ಮೇಲ್ಭಾಗ ಕುಸಿಯದಂತೆ ಹಾಕುವ ಕೇಸಿಂಗ್ ಪೈಪು ಇಳಿಯುವಷ್ಟು ಆಳದ ಈ ಪದರವನ್ನು ತುಂಬಿಸಿ ಉಳಿಸಿಕೊಳ್ಳುವುದು ಹಳ್ಳದ ಮಟ್ಟಿಗೆ ಮುಖ್ಯ ಎಂದು ನಾನು ಹೇಳುತ್ತ ಬಂದಿದ್ದೇನೆ. ಒರತೆ ಬರುವುದು ಅಲ್ಲಿಂದಲೇ.

ಇನ್ನು ನಂಬಿಕೆಯ ಪ್ರಶ್ನೆ. ಮಾದರಿಯನ್ನು ಹದಗೊಳಿಸುವುದೆಂದರೆ, ಹಿಂದಿನ ಇಪ್ಪತ್ತು ಮೂವತ್ತು ವರ್ಷಗಳ ಮಳೆ ಕೊಟ್ಟು ಓಡಿಸಿ, ಅದು ಹೇಳಿದ ಮಟ್ಟವೂ ಬಾವಿಯಲ್ಲಿ ಅಳೆದ ಮಟ್ಟವೂ ಹೊಂದುವವರೆಗೆ ಕಲ್ಲು ಮಣ್ಣಿನ ಗುಣಗಳನ್ನು ತಿದ್ದುವುದು. ಇದರಲ್ಲಿ ಮೋಸ ಹೋಗುವುದು ಸುಲಭ. ಹೆಚ್ಚು ಇಂಗುತ್ತದೆ, ಹೆಚ್ಚು ಎತ್ತುತ್ತಾರೆ ಎಂದರೂ ಮಟ್ಟ ಹೊಂದುತ್ತದೆ. ಕಡಿಮೆ ಇಂಗುತ್ತದೆ, ಕಡಿಮೆ ಎತ್ತುತ್ತಾರೆ ಎಂದರೂ ಹೊಂದುತ್ತದೆ. ಹೊಳೆಯ ಹರಿವನ್ನೂ ಅಳೆದು ಹೊಂದಿಸಿದರೆ ಮಾತ್ರ ಎರಡರಲ್ಲಿ ಯಾವುದು ನಿಜ ಎಂಬುದು ಹೊರಬೀಳುತ್ತದೆ. ನಿಮ್ಮ ಹಳ್ಳದ ಹರಿವನ್ನು ಅಳೆಯದೆ ಬಾವಿಯ ಅಂಕಿಗಳಿಂದಷ್ಟೇ ಹದಗೊಳಿಸಿದ ಮಾದರಿಯಾದರೆ, ನದಿಯ ಬಗ್ಗೆ ಅದು ಹೇಳುವ ಮಾತಿಗೆ ನಾನು ಹೆಚ್ಚು ತೂಕ ಕೊಡುವುದಿಲ್ಲ.

ನಮ್ಮಲ್ಲಿ ಎಷ್ಟು ಎತ್ತುತ್ತೇವೆ ಎಂಬ ಅಂಕಿಯೂ ಸರಿಯಾಗಿ ಸಿಗುವುದಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಹೆಚ್ಚಿನವಕ್ಕೆ ಮೀಟರ್ ಇಲ್ಲ. ಉಪಗ್ರಹದ ಚಿತ್ರದಲ್ಲಿ ಬೇಸಿಗೆಯಲ್ಲಿ ಹಸಿರಾಗಿ ಕಾಣುವ ಎಕರೆಗಳನ್ನು ಎಣಿಸಿ ಅಂದಾಜು ಮಾಡುತ್ತಾರೆ. ಗುಂಡ್ಲುಪೇಟೆ ಹತ್ತಿರದ ಬೇರಂಬಾಡಿ ಜಲಾನಯನದಲ್ಲಿ, 84 ಚದರ ಕಿಲೋಮೀಟರಿನಷ್ಟು ಜಾಗ, ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರೆಂಚ್ ವಿಜ್ಞಾನಿಗಳ ಜೊತೆ ವರ್ಷಗಟ್ಟಲೆ ರೈತರ ಬೋರುಗಳನ್ನೇ ಅಳೆಯುತ್ತ ಬಂದಿದ್ದಾರೆ. ಅಂಥ ಶ್ರದ್ಧೆಯ ಅಳತೆ ಎಲ್ಲ ಕಡೆ ಇಲ್ಲ.

ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ. ಸರ್ಕಾರಿ ಅಂಕಿಗಳಲ್ಲಿ ದಕ್ಷಿಣ ಭಾರತದ ಅಂತರ್ಜಲ ಚೇತರಿಸಿಕೊಳ್ಳುತ್ತಿರುವಂತೆ ಕಾಣುತ್ತಿತ್ತು, ಹಳ್ಳಿಗಳಲ್ಲಿ ನೋಡಿದರೆ ಬೋರು ಫೇಲಾಗುತ್ತಲೇ ಇತ್ತು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದರ ಗುಟ್ಟು ಬಿಡಿಸಿತು: ಬಾವಿ ಬತ್ತಿದರೆ ಅಳೆಯಲು ನೀರೇ ಇಲ್ಲವಲ್ಲ, ಆ ಬಾವಿಯ ಅಂಕಿ ಪಟ್ಟಿಯಿಂದ ಬಿದ್ದುಹೋಗುತ್ತದೆ. ಉಳಿಯುವುದು ನೀರಿರುವ ಬಾವಿಗಳದು ಮಾತ್ರ, ಸರಾಸರಿ ಮೇಲಕ್ಕೆ ಏರುತ್ತದೆ. ಬತ್ತಿದ ಬಾವಿಗಳನ್ನು ಬಿಟ್ಟು ಹದಗೊಳಿಸಿದ ಮಾದರಿ ನದಿಗೆ ಇಲ್ಲದ ನೀರನ್ನು ತೋರಿಸುತ್ತದೆ.

ನನ್ನದೇ ಒಂದು ಅನುಭವ. ಒಂದು ಮಾದರಿಯಲ್ಲಿ ಎಲ್ಲ ಬಾವಿಗಳೂ ಹೊಂದುತ್ತಿದ್ದವು, ಒಂದು ತೆರೆದ ಬಾವಿ ಮಾತ್ರ ಏಪ್ರಿಲ್‌ನಲ್ಲಿ ಏರುತ್ತಿತ್ತು. ಕೆಳಗಿನ ಬಿರುಕಿನಿಂದ ನೀರು ಒತ್ತಿ ಬರುತ್ತಿರಬೇಕು ಎಂದುಕೊಂಡು ಮೂರು ವಾರ ಅಂಕಿಗಳನ್ನು ತಿದ್ದಿದೆ. ಕೊನೆಗೆ ಬಾವಿಯ ಹತ್ತಿರವೇ ಹೋದೆ. ಕಲ್ಲು ಕಟ್ಟಿದ ಹಳೆಯ ಕಪಿಲೆ ಬಾವಿ, ಅಂಚಿನ ಮೇಲಿಂದ ಎರಡಿಂಚಿನ ಕಪ್ಪು ಪೈಪು ಒಳಕ್ಕೆ ಇಳಿದಿತ್ತು. ಆ ಮನೆಯ ಅಜ್ಜಿ ಹೇಳಿದರು: "ತ್ರೀ ಫೇಸು ರಾತ್ರಿ ಕೊಡ್ತಾರಪ್ಪ. ಬೋರ್ ನೀರು ಇದ್ರಲ್ಲಿ ತುಂಬ್ಕೊಂಡು ಬೆಳಿಗ್ಗೆ ತೋಟಕ್ಕೆ ಬಿಡ್ತೀವಿ." ನಾನು ಅಂತರ್ಜಲ ಎಂದುಕೊಂಡದ್ದು ಅವರ ತೊಟ್ಟಿಯಾಗಿತ್ತು. ಆವತ್ತಿನಿಂದ, ಕಣ್ಣಾರೆ ನೋಡದ ಬಾವಿಯ ಅಂಕಿಯನ್ನು ಮಾದರಿಗೆ ಹಾಕುವುದಿಲ್ಲ.

ಇಷ್ಟೆಲ್ಲ ತೊಡಕಿದ್ದರೂ ಮಾದರಿ ಬೇಕೆಂದು ಏಕೆ ಹೇಳುತ್ತೇನೆಂದರೆ, ಇಂತಿಷ್ಟೇ ನೀರು ಬರುತ್ತದೆ ಎಂದು ಖಚಿತವಾಗಿ ಹೇಳಲಾಗದಿದ್ದರೂ ಎರಡು ದಾರಿಗಳಲ್ಲಿ ಯಾವುದು ಮೇಲು ಎಂಬುದನ್ನು ಅದು ಚೆನ್ನಾಗಿ ಹೇಳುತ್ತದೆ. ಇನ್ನೂ ಹತ್ತು ಚೆಕ್ ಡ್ಯಾಂ ಕಟ್ಟಿದರೆ ನಿಮ್ಮ ಬೋರಿಗೆ ಎಷ್ಟು ನೀರು ಹೆಚ್ಚುತ್ತದೆ, ಕೆಳಗಿನ ಊರಿನ ಕೆರೆಗೆ ಎಷ್ಟು ಕಡಿಮೆಯಾಗುತ್ತದೆ? ಹಳ್ಳದ ಎರಡೂ ಬದಿ ಒಂದು ಫರ್ಲಾಂಗಿನೊಳಗೆ ಹೊಸ ಬೋರು ಕೊರೆಯದಿದ್ದರೆ ಏನಾಗುತ್ತದೆ? ನೀಲಗಿರಿ ಕಿತ್ತು ರಾಗಿ ಹಾಕಿದರೆ? ಕೋಲಾರಕ್ಕೆ 2018ರಿಂದ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಬಂದಂತೆ ಇಲ್ಲಿನ ಕೆರೆಗಳಿಗೂ ಬಂದರೆ, ಅದು ಯಾವ ಬಾವಿಗಳಿಗೆ ಎಷ್ಟು ತಿಂಗಳಲ್ಲಿ ತಲುಪುತ್ತದೆ? ಆ ನೀರಿನಲ್ಲಿ ಏನೇನಿದೆ ಎಂಬುದನ್ನೂ ಜೊತೆಗೆ ನೋಡಲೇಬೇಕು. ಇಂಥ ಪ್ರಶ್ನೆಗಳನ್ನು ಹೊಲದಲ್ಲಿ ಪ್ರಯೋಗ ಮಾಡಿ ನೋಡಲು ಒಂದು ತಲೆಮಾರು ಬೇಕು.

ಹಾಗಾಗಿ ಎಂಜಿನಿಯರುಗಳು ಮತ್ತೆ ಬಂದಾಗ ವಿವರ ಕೊಡಿ. ಬೋರಿನ ಒಟ್ಟು ಆಳಕ್ಕಿಂತ, ಕೇಸಿಂಗ್ ಪೈಪು ಎಷ್ಟು ಅಡಿ ಇಳಿಯಿತು ಎಂಬುದನ್ನು ಹೇಳಿ; ಕೊರೆದವರ ಬಿಲ್ಲಿನಲ್ಲಿ ಬರೆದಿರುತ್ತದೆ. ಶಿಥಿಲ ಪದರದ ದಪ್ಪ ಅವರಿಗೆ ಗೊತ್ತಾಗುವುದು ಅದರಿಂದ. ಯಾವ ಅಡಿಯಲ್ಲಿ ಮೊದಲು ನೀರು ಸಿಕ್ಕಿತು, ಯಾವ ವರ್ಷ ಕೊರೆಸಿದ್ದು, ಎಷ್ಟು ಇಂಚು ನೀರು, ಮೋಟರನ್ನು ಯಾವ ಆಳಕ್ಕೆ ಇಳಿಸಿದ್ದೀರಿ, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ, ಎಲ್ಲವೂ ಬೇಕು. ಬಳಕೆಯಲ್ಲಿಲ್ಲದ ಸೇದುವ ಬಾವಿಯೊಂದಿದ್ದರೆ ಹಗ್ಗಕ್ಕೆ ಕಲ್ಲು ಕಟ್ಟಿ ತಿಂಗಳಿಗೊಮ್ಮೆ, ಮೋಟರುಗಳು ನಿಂತಿರುವ ಹೊತ್ತಿನಲ್ಲಿ, ನೀರಿನವರೆಗೆ ಎಷ್ಟು ಅಡಿ ಎಂದು ಅಳೆದು ಶಾಲೆಯ ನೋಟ್‌ಬುಕ್ಕಿನಲ್ಲಿ ತಾರೀಖಿನ ಜೊತೆ ಬರೆದಿಡಿ. ನಿಮ್ಮ ತಂದೆಯವರು ಒರತೆ ತೋಡುತ್ತಿದ್ದ ಜಾಗವನ್ನೂ, ಕೊನೆಯ ಸಲ ಅಲ್ಲಿ ನೀರು ಕಂಡ ವರ್ಷವನ್ನೂ ಕೇಳಿ ತಿಳಿದುಕೊಳ್ಳಿ. ಆ ಚೌಕದಲ್ಲಿ ಕೊಂಡಿ ಕಳಚಿದ ಇಸವಿ ಅದು, ಯಾವ ಇಲಾಖೆಯ ಕಡತದಲ್ಲೂ ಇರುವುದಿಲ್ಲ. ಫೇಲಾದ ಬೋರುಗಳನ್ನೂ ಬಿಡಬೇಡಿ. ಎಲ್ಲಿ, ಎಷ್ಟು ಅಡಿ, ಯಾವ ವರ್ಷ ಕೊರೆದದ್ದು ಎಂದು ಬರೆದು, ಮುಂದೆ "ಬತ್ತಿದೆ" ಎಂದು ಸೇರಿಸಿ.